ಔರಾದಿನ ಮಾಳಿಗೆಯ ಕಚ್ಚಾ ಸಿಗ್ನಲ್

ನನ್ನ ಪಿಎಚ್.ಡಿ. ಮಾರ್ಗದರ್ಶಕರು ಫೋನಿನಲ್ಲಿ ಆ ಪ್ರಶ್ನೆ ಕೇಳಿದಾಗ ನಾನು ಬೀದರ ಬಸ್ ನಿಲ್ದಾಣದಲ್ಲಿ ಭಾಲ್ಕಿಯ ಬಸ್ಸಿಗೆ ಕಾಯುತ್ತಿದ್ದೆ. ಕಾಯುತ್ತಿದ್ದೆನೋ, ಆಗಲೇ ಬಸ್ಸಿನೊಳಗೆ ಕುಳಿತಿದ್ದೆನೋ, ಖಚಿತವಿಲ್ಲ. ಡೈರಿಯಲ್ಲಿ ‘ಬಸ್ ಸ್ಟ್ಯಾಂಡ್, ಸರ್ ಫೋನ್, ಔರಾದ ಅಧ್ಯಾಯ’ ಎಂದಷ್ಟೇ ಇದೆ. ಮಾತುಗಳು ಮಾತ್ರ ಶಬ್ದಶಬ್ದವೂ ನೆನಪಿವೆ ಎಂದು ಅನ್ನಿಸುತ್ತದೆ. ಹಾಗೆ ಅನ್ನಿಸುವುದನ್ನೇ ಈಗ ನಾನು ಹೆಚ್ಚು ಅನುಮಾನಿಸುತ್ತೇನೆ.

“ಔರಾದಿನಾಗಷ್ಟೇ ಸಿಗ್ನಲ್ ಇಷ್ಟು ಬೀಳ್ತದಂತ ಬರ್ದೀರಲ್ಲ, ಅದರ ಕಚ್ಚಾ ಡೇಟಾ ಎಲ್ಲದ?”

“ಸರಾಸರಿ ಟೇಬಲ್ ಕಳಿಸೀನಲ್ರಿ ಸರ್.”

“ಸರಾಸರಿ ನೀವು ಮಾಡಿದ್ದು. ಆಕಾಶ ಮಾಡಿದ್ದು ಎಲ್ಲದ ಅಂತ ಕೇಳ್ಲಿಕತ್ತೀನಿ.”

ನನ್ನ ಹತ್ತಿರ ಅದು ಇರಲಿಲ್ಲ.

ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ಬೀದರಿನ ಚಿದ್ರಿಯಲ್ಲಿ. ಪಿಎಚ್.ಡಿ.ಯ ಅವಧಿ ಒಮ್ಮೆ ಮುಗಿದು, ಅರ್ಜಿ ಹಾಕಿ, ಒಂದು ವರ್ಷ ಹೆಚ್ಚಿಗೆ ಪಡೆದಿದ್ದೆ. ವಿಷಯ ಹೇಳಲು ಸುಲಭ. ಮೊಬೈಲಿಗೆ ದಾರಿ ತೋರಿಸುವ ಉಪಗ್ರಹಗಳ ಸಿಗ್ನಲ್ ಭೂಮಿಗೆ ಬರುವಾಗ ಮೇಲಿನ ವಾತಾವರಣದ ಒಂದು ಪದರವನ್ನು ದಾಟಬೇಕು. ಸೂರ್ಯ ಮುಳುಗಿದ ಮೇಲೆ, ನಮ್ಮಂಥ ಪ್ರದೇಶಗಳಲ್ಲಿ, ಆ ಪದರದೊಳಗೆ ಗುಳ್ಳೆಗಳು ಏಳುತ್ತವೆ. ಆಗ ಸಿಗ್ನಲ್ ನಕ್ಷತ್ರದ ಹಾಗೆ ಮಿನುಗುತ್ತದೆ, ಕೆಲವೊಮ್ಮೆ ಬಿದ್ದೇ ಹೋಗುತ್ತದೆ. ಅದನ್ನು ಬೀದರ, ಭಾಲ್ಕಿ, ಔರಾದ ಮೂರೂ ಕಡೆ ಅಳೆದೆ. ಚಿದ್ರಿಯ ಮಾಳಿಗೆ, ಕಾಲೇಜಿನ ಮಾಳಿಗೆ, ಔರಾದಿನಲ್ಲಿ ಸೋದರತ್ತೆಯ ಮಾಳಿಗೆ. ಯುಗಾದಿಯ ಆಸುಪಾಸಿನ ಒಂದು ಋತು. ಮೊದಲ ಎರಡು ಊರುಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಔರಾದಿನಲ್ಲಿ ಮಾತ್ರ ಸಂಜೆಯಾದರೆ ಸಾಕು, ಸಿಗ್ನಲ್ ಕುಸಿಯುತ್ತಿತ್ತು. ಹೆಚ್ಚಿನ ಸಂಜೆಗಳಲ್ಲಿ ಬಲವಾಗಿ, ಕೆಲವು ಸಂಜೆಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು. ಕುಸಿಯದ ಸಂಜೆಗಳಿಗೆ ನಾನು ‘ಶಾಂತ ಆಕಾಶ’ ಎಂದು ಹೆಸರಿಟ್ಟೆ. ಪ್ರಬಂಧದಲ್ಲಿ ಹೊಸದು ಎನ್ನುವುದಿದ್ದರೆ ಅದೊಂದೇ ಅಧ್ಯಾಯ. ಅದನ್ನು ತೆಗೆದರೆ ಉಳಿಯುವುದು ಬೇರೆಯವರು ಬರೆದದ್ದರ ಸಾರಾಂಶ.

ಸರ್ ಅವರ ಅನುಮಾನವೂ ಸರಿಯೇ. ನೂರಾರು ಕಿಲೋಮೀಟರ್ ಉದ್ದದ ಗುಳ್ಳೆ ಬೀದರವನ್ನು ಬಿಟ್ಟು, ಭಾಲ್ಕಿಯನ್ನು ಬಿಟ್ಟು, ಔರಾದಿನ ಮೇಲೆ ಮಾತ್ರ ಯಾಕೆ ನಿಲ್ಲುತ್ತದೆ? ನಾನು ಬಳಸಿದ್ದು ಸಾಧಾರಣ ರಿಸೀವರ್. ಅದು ಸಿಗ್ನಲನ್ನು ಒಳಗೇ ಅರೆದು, ಸೆಕೆಂಡಿಗೊಂದು ಅಂಕಿ ಕೊಟ್ಟು, ಉಳಿದದ್ದನ್ನು ಬಿಸಾಡುತ್ತದೆ. ಆ ಅಂಕಿಗಳನ್ನಾದರೂ ನಾನು ಉಳಿಸಿದೆನೇ? ಮೆಮೊರಿ ಕಾರ್ಡ್ ತುಂಬಿದಾಗ ಹದಿನೈದು ನಿಮಿಷಕ್ಕೊಂದು ಸರಾಸರಿ ತೆಗೆದು ಬರೆದಿಟ್ಟುಕೊಂಡು, ಮೂಲವನ್ನು ಅಳಿಸಿದ್ದೆ. ಡೈರಿ ಬರೆಯುವಾಗಲೂ ನಾನು ಮಾಡುವುದು ಅದನ್ನೇ.

“ದಸರಾ ಹೊತ್ತಿಗಿ ಮತ್ತ ಗುಳ್ಳಿ ಏಳ್ತಾವ,” ಎಂದರು ಸರ್. “ಕಚ್ಚಾ ಸಿಗ್ನಲ್ ಹಿಡಿಯೋ ರಿಸೀವರ್ ತೊಗೊಂಡು ಇನ್ನೊಮ್ಮೆ ಅಳೀರಿ. ಇಲ್ಲಂದ್ರ ಆ ಅಧ್ಯಾಯ ನಾನು ಮುಂದ ಕಳಿಸಂಗಿಲ್ಲ.”

ಅಂದಿನಿಂದ ಸುಮಾರು ಒಂದು ತಿಂಗಳು ನಾನು ಒಂದು ಕಡೆ ಕೂರಲಿಲ್ಲ. ರಿಸೀವರ್ ಹುಡುಕುತ್ತ ಬಸ್ಸಿನಲ್ಲಿ ಮೊಬೈಲ್, ತರಗತಿಗಳ ನಡುವೆ ಮೊಬೈಲ್, ಒಲೆಯ ಮೇಲೆ ಅನ್ನವಿಟ್ಟು ಮೊಬೈಲ್. ಕಚ್ಚಾ ಸಿಗ್ನಲ್ ಹಿಡಿಯುವ ರಿಸೀವರಿನಲ್ಲಿ ಯಂತ್ರದ ಭಾಗ ಬಹಳ ಕಡಿಮೆ. ಆಂಟೆನಾದಿಂದ ಬಂದದ್ದನ್ನು ಮಾದರಿ ಮಾದರಿಯಾಗಿ ಕತ್ತರಿಸಿ ಕಂಪ್ಯೂಟರಿಗೆ ಸುರಿಯುವುದಷ್ಟೇ ಅದರ ಕೆಲಸ. ಉಪಗ್ರಹ ಹುಡುಕುವುದು, ಹಿಡಿದುಕೊಳ್ಳುವುದು, ಅಳೆಯುವುದು ಎಲ್ಲವೂ ಆಮೇಲೆ, ಸಾಫ್ಟ್‌ವೇರಿನಲ್ಲಿ. ಒಂದೇ ಸಂಜೆಯನ್ನು ಹತ್ತು ಸಲ ಓಡಿಸಿ ಹತ್ತು ಪ್ರಶ್ನೆ ಕೇಳಬಹುದು. ನನಗೆ ಬೇಕಾಗಿದ್ದದ್ದು ಇದೇ. ಇದೇ ನನಗೆ ಹೆದರಿಕೆಯೂ ಆಗಿತ್ತು.

ಮೂರು ನನ್ನ ಪಟ್ಟಿಯಲ್ಲಿ ಉಳಿದವು. ಒಂದು, ಈ ಕೆಲಸಕ್ಕಾಗಿಯೇ ಮಾಡಿದ ಪೆಟ್ಟಿಗೆ. ಎರಡು ಆವರ್ತನಗಳನ್ನು ಹಿಡಿಯುತ್ತದೆ, ಅದರ ಗಡಿಯಾರ ಅಲುಗುವುದಿಲ್ಲ. ಬೆಲೆ ನೋಡಿ ಪುಟ ಮುಚ್ಚಿದೆ, ಮರುದಿನ ಕಡಿಮೆಯಾಗಿರಬಹುದೇನೋ ಎಂಬಂತೆ ಮತ್ತೆ ತೆರೆದೆ. ಎರಡನೆಯದು ಎಲ್ಲ ಬಗೆಯ ರೇಡಿಯೋ ಪ್ರಯೋಗಕ್ಕೂ ಆಗುವಂಥದ್ದು. ಅದು ಪ್ರಸಾರವನ್ನೂ ಮಾಡಬಲ್ಲದು. ತರಿಸಲು ಪರವಾನಗಿ ಬೇಕೇ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಮೂರನೆಯದು ಪೆನ್ ಡ್ರೈವಿನಂತೆ ಕಂಪ್ಯೂಟರಿಗೆ ಸಿಕ್ಕಿಸುವ, ಹೆಬ್ಬೆರಳಷ್ಟು ಉದ್ದದ ಡಾಂಗಲ್. ಮೊದಲು ಅದನ್ನು ಮಾಡಿದ್ದು ಕಂಪ್ಯೂಟರಿನಲ್ಲಿ ಟಿವಿ ನೋಡಲು. ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆ.

ಭಾಲ್ಕಿಯಲ್ಲಿ ನಮ್ಮ ಪ್ರಯೋಗಾಲಯ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಕೆಲಸಕ್ಕೆ ಸೇರುವ ಮೊದಲು ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದವರು. ಒಂದು ಮಧ್ಯಾಹ್ನ ನನ್ನ ಹೆಗಲ ಹಿಂದಿನಿಂದ ಇಣುಕಿದರು.

“ಇದೇನ್ರಿ ಮೇಡಂ, ಹಾಜರಿ ಪುಸ್ತಕದ ಹಿಂದ ಡಬ್ಬಿ ಚಿತ್ರ ಬರ್ದೀರಿ?”

“ರಿಸೀವರ್‌ರಿ. ಮೂರರಾಗ ಒಂದು ಆರಿಸಬೇಕು.”

“ಯಾವುದು ಛಲೋ ಅದ?”

“ಮೊದಲಿಂದು. ಅದು ತೊಗೊಳ್ಳಾಕ ಆಗಂಗಿಲ್ರಿ.”

“ಹಂಗಾರ ಎರಡರಾಗ ಒಂದು ಅನ್ರಿ. ಅಷ್ಟು ತ್ರಾಸು ಕಮ್ಮಿ ಆತು.”

ಡಾಂಗಲಿನ ಬಗ್ಗೆ ಹೇಳಿದೆ. ಅವರು ನಗಲಿಲ್ಲ. ಅದರ ಗಡಿಯಾರಕ್ಕೆ ತಾಳ ಕೊಡುವ ಹರಳು ಯಾವುದು ಎಂದು ಕೇಳಿದರು. “ನಮ್ಮ ಕಾಲದಾಗ ಮಧ್ಯಾನ ಬಿಸಿಲೇರಿತು ಅಂದ್ರ ಸ್ಟೇಷನ್ ಸರೀತಿತ್ರಿ. ಗಿರಾಕಿ ಬಂದು ರೇಡಿಯೋ ಕೆಟ್ಟದ ಅಂತಿದ್ದ. ರೇಡಿಯೋ ಕೆಟ್ಟಿರ್ತಿದ್ದಿಲ್ಲ, ಕಾದಿರ್ತಿತ್ತು. ಶಾಖಕ್ಕ ಸರೀಲಾರದ ಹರಳು ಇದ್ದದ್ದು ನೋಡಿ ತೊಗೋರಿ. ಉಳಿದದ್ದಕ್ಕ ಖಾಲಿ ಪೀಲಿ ತಲಿ ಕೆಡಿಸ್ಕೊಬ್ಯಾಡ್ರಿ.”

ಅದೇ ಡಾಂಗಲಿನಲ್ಲಿ ಶಾಖಕ್ಕೆ ಹೊಂದಿಕೊಳ್ಳುವ ಹರಳಿನದು, ಆಂಟೆನಾಕ್ಕೆ ತಾನೇ ವಿದ್ಯುತ್ ಕೊಡುವಂಥದ್ದು, ತುಸು ಹೆಚ್ಚಿನ ಬೆಲೆಗೆ ಸಿಗುತ್ತಿತ್ತು. ಒಂದೇ ಆವರ್ತನ, ಮಾದರಿಗೆ ಎಂಟು ಬಿಟ್. ಸಿಗ್ನಲಿನ ಸೂಕ್ಷ್ಮ ಅಲುಗಾಟವನ್ನು ಅದರಿಂದ ನಂಬಿಕೆಯಿಂದ ಅಳೆಯಲಾಗದು. ಸಿಗ್ನಲಿನ ಬಲ ಏರಿದ್ದು ಇಳಿದದ್ದನ್ನು ಅಳೆಯಬಹುದು. ನನ್ನ ಅಧ್ಯಾಯಕ್ಕೆ ಅಷ್ಟು ಸಾಕು. ಸಾಕು ಎಂದು ಅದನ್ನು ಆರಿಸಿದೆನೋ, ದುಬಾರಿಯದು ನನ್ನ ತಪ್ಪನ್ನು ಹೆಚ್ಚು ಸ್ಪಷ್ಟವಾಗಿ ತೋರಿಸೀತು ಎಂದು ಇದನ್ನು ಆರಿಸಿದೆನೋ? ಆಗ ಈ ಪ್ರಶ್ನೆ ಕೇಳಿಕೊಂಡಿದ್ದೆ ಎಂದು ಬರೆಯಲು ಇಷ್ಟವಾಗುತ್ತದೆ. ಡೈರಿಯಲ್ಲಿ ಅದಿಲ್ಲ.

ಪಾರ್ಸೆಲ್ ಚಿದ್ರಿಗೆ ಬಂತು. ಮೊದಲ ಮೂರು ದಿನ ಬರೀ ಕಿರಿಕಿರಿ. ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾದರಿ ಸುರಿದರೆ ನನ್ನ ಹಳೆಯ ಲ್ಯಾಪ್‌ಟಾಪ್ ನುಂಗಲಾರದೆ ನಡುನಡುವೆ ಬಿಟ್ಟುಬಿಡುತ್ತಿತ್ತು. ಒಳಗಿನ ಡಿಸ್ಕ್ ಬದಲಿಸಿದ ಮೇಲೆ ಸರಿಹೋಯಿತು. ಕಚ್ಚಾ ಸಿಗ್ನಲನ್ನು ಹಾಗೇ ಪರದೆಯ ಮೇಲೆ ನೋಡಿದರೆ ಏನೂ ಇಲ್ಲ. ಬರೀ ಗದ್ದಲ, ಮರಳು ಚೆಲ್ಲಿದಂತೆ. ಉಪಗ್ರಹದ ಸಿಗ್ನಲ್ ಆ ಗದ್ದಲಕ್ಕಿಂತ ಕೆಳಗೆ ಹುದುಗಿರುತ್ತದೆ. ಸಾಫ್ಟ್‌ವೇರ್ ಪ್ರತಿ ಉಪಗ್ರಹದ ಗುರುತನ್ನು ಅದರ ಮೇಲೆ ಸರಿಸುತ್ತ ಹೋಗುತ್ತದೆ, ಎಲ್ಲೋ ಒಂದು ಕಡೆ ಸರಿಯಾಗಿ ಕೂತಾಗ ಚೂಪಾದ ಶಿಖರವೊಂದು ಏಳುತ್ತದೆ. ಮೊದಲ ಶಿಖರ ಎದ್ದಾಗ ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಯಾಕೆ ಎಂದು ಗೊತ್ತಿಲ್ಲ.

ಔರಾದಿಗೆ ರೈಲಿಲ್ಲ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ಮತ್ತ ಬಂತೇನು ನಿನ್ನ ಆ ಕರೀ ಡಬ್ಬಿ? ನನ್ನ ತಾಟು ಇನ್ನೊಂದು ಹೋತು ಅನ್ನು.”

ತಾಟಿನ ಕಥೆ ಹೋದ ಋತುವಿನದು. ಅತ್ತೆ ಕರೀ ಡಬ್ಬಿ ಎನ್ನುವ ಆ ಚಿಕ್ಕ ಆಂಟೆನಾದ ಅಡಿಯಲ್ಲಿ ಅಯಸ್ಕಾಂತವಿದೆ, ಲೋಹದ ತಗಡಿನ ಮೇಲೆ ಕೂತರೆ ಅದು ಚೆನ್ನಾಗಿ ಹಿಡಿಯುತ್ತದೆ. ಸ್ಟೀಲಿನ ಎಲ್ಲ ತಾಟುಗಳಿಗೂ ಅಯಸ್ಕಾಂತ ಅಂಟುವುದಿಲ್ಲ. ಅತ್ತೆಯ ಅಡುಗೆಮನೆಯಲ್ಲಿ ಒಂದೊಂದೇ ತಾಟಿಗೆ ಹಚ್ಚಿ ನೋಡಿ, ಅಂಟಿದ್ದನ್ನು ಮಾಳಿಗೆಗೆ ಒಯ್ದಿದ್ದೆ. ಅತ್ತೆ ಅದನ್ನು ನೆರೆಮನೆಗಳಲ್ಲೆಲ್ಲ ಹೇಳಿ ನಕ್ಕಿದ್ದರು.

ಈ ಸಲವೂ ಅದೇ ತಾಟು, ಮಾಳಿಗೆಯ ಅದೇ ಮೂಲೆ. ವಯರನ್ನು ಕಿಟಕಿಯಿಂದ ಕೆಳಗಿಳಿಸಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ದಿನಾ ಸಂಜೆ ಐದರಿಂದ ಒಂಬತ್ತರವರೆಗೆ ತಾನೇ ದಾಖಲಿಸುವಂತೆ ಹೊಂದಿಸಿ, ಒಂದು ವಾರಕ್ಕೆ ಬಿಟ್ಟು, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆ. ಮರುದಿನ ತರಗತಿ ಇತ್ತು.

ವಾರದ ನಂತರ ತಂದು ಚಿದ್ರಿಯಲ್ಲಿ ಓಡಿಸಿದೆ. ಏಳು ಸಂಜೆಗಳಲ್ಲಿ ಆರರಲ್ಲಿ ಸಿಗ್ನಲ್ ಬಿದ್ದಿತ್ತು. ಆ ಭಾನುವಾರದ ಮೊದಲ ಒಂದು ಗಂಟೆ ನನ್ನ ಜೀವನದಲ್ಲಿ ನಾನು ಬಹಳ ಸಂತೋಷದಿಂದ ಕಳೆದ ಗಂಟೆಗಳಲ್ಲೊಂದು. ಸರ್ ಅವರಿಗೆ ಸಂದೇಶ ಬರೆಯಲೂ ತೊಡಗಿದ್ದೆ. ಕಳಿಸುವ ಮುನ್ನ, ಸುಮ್ಮನೆ, ಬೀಳುವ ಜಾಗವನ್ನು ಹಿಗ್ಗಿಸಿ ನೋಡಿದೆ.

ಗುಳ್ಳೆ ಬಂದಾಗ ಸಿಗ್ನಲ್ ನಿಮಿಷಗಟ್ಟಲೆ ಏರಿಳಿಯುತ್ತದೆ. ಒಂದು ಉಪಗ್ರಹ ಮಿನುಗುವಾಗ ಆಕಾಶದ ಇನ್ನೊಂದು ಮಗ್ಗುಲಿನದು ತಣ್ಣಗಿರುತ್ತದೆ. ಇಲ್ಲಿ ಉಪಗ್ರಹಕ್ಕೊಂದರಂತೆ ಇದ್ದ ಎಂಟೂ ಗೆರೆಗಳು ಒಂದೇ ಕ್ಷಣಕ್ಕೆ ಧೊಪ್ಪನೆ ಬಿದ್ದಿದ್ದವು. ಅದಕ್ಕೂ ಮುಂಚೆ, ಐದಾರು ಸೆಕೆಂಡುಗಳ ಹಿಂದೆ, ಪೂರ್ವಕ್ಕಿದ್ದ ಎರಡು ಮಾತ್ರ ಒಮ್ಮೆ ಕುಗ್ಗಿ ಎದ್ದಿದ್ದವು. ಪೂರ್ವಕ್ಕೆ ಏನಿದೆ? ಅತ್ತೆಯ ಮಾಳಿಗೆಯ ಚಿತ್ರ ಕಣ್ಣ ಮುಂದೆ ತಂದುಕೊಂಡೆ. ಮೆಟ್ಟಿಲು. ಮುಂದಿನ ಸಂಜೆ ತೆರೆದೆ. ಅದೇ ಎರಡು ಕುಗ್ಗು, ಅದೇ ಅಂತರ, ಆಮೇಲೆ ಎಲ್ಲವೂ ಒಟ್ಟಿಗೆ. ಅದರ ಮುಂದಿನದು, ಹಾಗೆಯೇ. ಯಾರೋ ಮೆಟ್ಟಿಲ ಕಡೆಯಿಂದ, ಆ ಎರಡು ಉಪಗ್ರಹಗಳಿಗೆ ಅಡ್ಡವಾಗಿ, ನಡೆದುಕೊಂಡು ಬರುತ್ತಿದ್ದರು. ನನ್ನ ಹದಿನೈದು ನಿಮಿಷದ ಸರಾಸರಿಗಳಲ್ಲಿ ಆ ಹೆಜ್ಜೆಗಳೆಲ್ಲ ಕರಗಿ ಇಳಿಜಾರಾಗಿದ್ದವು. ಅದನ್ನೇ ನಾನು ಆಕಾಶ ಎಂದು ಓದಿದ್ದೆ.

ಫೋನ್ ಮಾಡಿದೆ.

“ಅತ್ತಿ, ಸಂಜಿಗಿ ಮಾಳಿಗಿ ಮ್ಯಾಲ ಯಾರರ ಹೋಗ್ತಾರೇನು?”

“ಯಾರು ಹೋಗ್ತಾರ? ನಾನೇ ಹೋಗ್ತೇನಿ. ನಿನ್ನ ಡಬ್ಬಿ ಮುಚ್ಚಬೇಕಲ್ಲ.”

“ಮುಚ್ಚತೀರಿ?”

“ಬೋಗಾಣಿ ಡಬ್ಬ ಹಾಕಿ ಬರ್ತೇನಿ. ವಯರು ಚಪ್ಪಟಿ ಆಗಬಾರದಂತ ಎರಡು ಇಟ್ಟಂಗಿ ತುಂಡೂ ಇಟ್ಟೀನಿ. ಮುಂಜಾನಿ ಕಸಾ ಹೊಡಿಯುವಾಗ ತೆಗೀತೇನಿ. ಯಾಕ, ಏನರ ಕೆಟ್ಟದೇನು?”

ಬೋಗಾಣಿ ಎಂದರೆ ಅಗಲ ಬಾಯಿಯ ಅಲ್ಯೂಮಿನಿಯಂ ಪಾತ್ರೆ. ಅದನ್ನು ಬೋರಲು ಹಾಕಿದರೆ ಉಪಗ್ರಹದ ಸಿಗ್ನಲ್ ಒಳಗೆ ಬರುವ ದಾರಿ ಇಟ್ಟಿಗೆ ತುಂಡು ಎತ್ತಿದ ಸಂದು ಒಂದೇ. ಅದರಿಂದ ನುಸುಳಿದ್ದು ಒಳಗೇ ಪುಟಿದು ಪುಟಿದು ಏರಿಳಿಯುತ್ತದೆ. ದೂರದಿಂದ ನೋಡಿದರೆ ಥೇಟ್ ಗುಳ್ಳೆಯ ಹಾಗೆ. ಹೋದ ಋತುವಿನಲ್ಲಿ ಮೇಲೆ ಹೋಗಿದ್ದಾಗೆಲ್ಲ ನಾನು ಹೋದದ್ದು ಹಗಲಲ್ಲಿ. ಬೋಗಾಣಿ ಆಗ ಅಡುಗೆಮನೆಯಲ್ಲಿರುತ್ತಿತ್ತು.

“ಏನೂ ಕೆಟ್ಟಿಲ್ಲ ಅತ್ತಿ,” ಎಂದೆ.

ಬೀಳದೆ ಉಳಿದ ಒಂದು ಸಂಜೆ ಅತ್ತೆ ನಾಮಕರಣಕ್ಕೆಂದು ಭಾಲ್ಕಿಗೆ ಹೋಗಿ ಅಲ್ಲೇ ಉಳಿದಿದ್ದರು. ಆ ಸಂಜೆಯ ಎಂಟು ಗೆರೆಗಳು ಒಂಬತ್ತು ಗಂಟೆಯವರೆಗೂ ಕಟ್ಟಿದ ದಾರದಂತೆ ನೇರವಾಗಿದ್ದವು.

ಮುಂದಿನ ಕೆಲವು ದಿನ ನಾನು ಯಾರಿಗೂ ಹೇಳಲಿಲ್ಲ. ಒಂದು ಯೋಚನೆ ಬರುತ್ತಿತ್ತು, ಅದನ್ನು ಬರೆದಿಡುತ್ತೇನೆ. ಬೋಗಾಣಿ ಮುಚ್ಚಬೇಡಿ ಎಂದು ಅತ್ತೆಗೆ ಹೇಳಿ, ದಸರೆ ಮುಗಿಯುವವರೆಗೆ ಅಳೆದು, ಒಂದೆರಡು ನಿಜವಾದ ಗುಳ್ಳೆ ಸಿಕ್ಕರೆ ಅವುಗಳ ಕಚ್ಚಾ ಡೇಟಾ ಮಾತ್ರ ಕೊಡುವುದು. ಹಳೆಯ ಟೇಬಲ್ ಪಕ್ಕದಲ್ಲಿ ಹಾಗೇ ನಿಲ್ಲುತ್ತದೆ. ಯಾರೂ ಕೇಳುವುದಿಲ್ಲ. ಭಾಲ್ಕಿಯ ಬಸ್ಸಿನಲ್ಲಿ ಆ ಯೋಚನೆ ಸರಿ ಎನ್ನಿಸುತ್ತಿತ್ತು, ತರಗತಿಯಲ್ಲಿ ಕಪ್ಪು ಹಲಗೆಯ ಮುಂದೆ ನಿಂತಾಗ ಹಾಗನ್ನಿಸುತ್ತಿರಲಿಲ್ಲ. ಸಂಜೆ ವಾಪಸು ಬಸ್ಸಿನಲ್ಲಿ ಮತ್ತೆ ಸರಿ ಎನ್ನಿಸುತ್ತಿತ್ತು. ಒಂದು ದಿನ ನಿಲ್ದಾಣಕ್ಕೆ ಮೊದಲೇ ಇಳಿದು ಚಿದ್ರಿಯವರೆಗೆ ನಡೆದೆ. ನಡೆದರೂ ಏನೂ ತೀರ್ಮಾನವಾಗಲಿಲ್ಲ.

ಹೋದ ಋತುವಿನ ಡೈರಿ ತೆಗೆದೆ. ಆಂಟೆನಾ ಇಟ್ಟ ದಿನ ನಾನು ಬರೆದದ್ದು ಹೀಗಿದೆ: ‘ಅತ್ತೆಗೆ ಎಲ್ಲ ವಿವರಿಸಿದೆ. ಯಾರೂ ಮುಟ್ಟಬಾರದೆಂದು ಹೇಳಿದೆ.’ ಅಕ್ಷರ ಓಲಾಡಿವೆ, ಬಸ್ಸಿನಲ್ಲಿ ಬರೆದದ್ದಿರಬೇಕು. ನಂತರದ ಪುಟಗಳಲ್ಲಿ ಮೂರು ಕಡೆ ‘ಸಂಜೆ, ಆಂಟೆನಾ ಯಥಾಸ್ಥಿತಿ’ ಎಂದಿದೆ. ಆ ಮೂರು ಸಂಜೆಗಳಲ್ಲಿ ನಾನು ಔರಾದಿನಲ್ಲಿ ಇರಲೇ ಇಲ್ಲ. ಮಧ್ಯಾಹ್ನ ಕಂಡದ್ದನ್ನು ಸಂಜೆಗೂ ಎಳೆದು ಬರೆದಿದ್ದೆ. ಟೇಬಲನ್ನು ಬಿಟ್ಟೇನು, ಈ ಮೂರು ಸಾಲುಗಳನ್ನು ಏನು ಮಾಡಲಿ?

ಸರ್ ಅವರಿಗೆ ಫೋನ್ ಮಾಡಿದ್ದು ಆ ಪುಟ ತೆರೆದಿಟ್ಟುಕೊಂಡೇ. ಎಲ್ಲ ಹೇಳಿದೆ.

“ಬೋಗಾಣಿ,” ಎಂದರು ಸರ್.

“ಹೌದ್ರಿ ಸರ್.”

“ನಿಮಗ ಹಂಗ ಅನ್ನಿಸ್ತದೋ, ಪಕ್ಕಾ ಅದನೋ?”

ಅತ್ತೆಯ ಮಾತು ಒಂದೇ ಆಧಾರ.

“ಪಕ್ಕಾ ಮಾಡ್ಕೊಂಡು ಬರ್ರಿ. ಅಧ್ಯಾಯ ತೆಗೀರಿ. ಇನ್ನೊಂದು ವರ್ಷಕ್ಕ ಅರ್ಜಿ ಹಾಕ್ರಿ, ನಾ ಸಹಿ ಮಾಡ್ತೀನಿ. ಕೊಡ್ತಾರೋ ಇಲ್ಲೋ, ನಂಗೊತ್ತಿಲ್ಲ.”

ಮುಂದಿನ ಭಾನುವಾರ ಔರಾದಿಗೆ ಹೋದೆ. ಲ್ಯಾಪ್‌ಟಾಪನ್ನು ಮಾಳಿಗೆಗೇ ಒಯ್ದು, ಹೊತ್ತು ಇಳಿಯುವುದಕ್ಕೆ ಕಾದೆ. ಅತ್ತೆ ಮೆಟ್ಟಿಲ ತಲೆಯಲ್ಲಿ ಬೋಗಾಣಿ ಹಿಡಿದು ನಿಂತರು. ಯಾವತ್ತೂ ಅಷ್ಟು ಸಂಕೋಚಪಟ್ಟದ್ದನ್ನು ನಾನು ನೋಡಿರಲಿಲ್ಲ.

“ಹ್ಯಾಂಗ ನಡೀಲೆ?”

“ದಿನಾ ನಡೆದಂಗ.”

“ದಿನಾ ಹ್ಯಾಂಗ ನಡೀತೇನಂತ ನಾ ಏನು ನೋಡ್ಕೋತೇನೇನು?”

ಸೆರಗು ಸಿಕ್ಕಿಸಿಕೊಂಡು ನಡೆದರು. ಪೂರ್ವದ ಎರಡು ಗೆರೆ ಕುಗ್ಗಿದವು, ಎದ್ದವು. ಅತ್ತೆ ಬಗ್ಗಿ ಇಟ್ಟಂಗಿ ತುಂಡು ಸರಿಪಡಿಸಿ ಬೋಗಾಣಿ ಬೋರಲು ಹಾಕಿದರು. ಎಂಟೂ ಗೆರೆ ಬಿದ್ದವು. ಚಿದ್ರಿಯಲ್ಲಿ ಕಂಡ ಚಿತ್ರವೇ.

“ಪಾಸಾತೇನು?”

“ಆತು ಅತ್ತಿ.”

“ಮತ್ತ್ಯಾಕ ಮಾರಿ ಸಣ್ಣದು ಮಾಡೀದಿ?”

ಹೇಳಿದೆ. ಈ ಮುಚ್ಚುವುದರಿಂದಲೇ ನನ್ನ ಒಂದು ವರ್ಷದ ಲೆಕ್ಕ ತಪ್ಪಾಯಿತು ಎಂದು ಹೇಳಬಾರದೆಂದು ಬಸ್ಸಿನಲ್ಲಿ ನಿಶ್ಚಯಿಸಿದ್ದೆ. ಅದೂ ಬಾಯಿಗೆ ಬಂತು. ಅತ್ತೆ ಬೋಗಾಣಿಯ ಪಕ್ಕ ಕೂತರು.

“ನೀನೇ ಅಂದಿದ್ದಿ, ಇದಕ್ಕ ಮ್ಯಾಲಿಂದು ಕಾಣಬೇಕು, ಉಪ್ಪಿನಕಾಯಿ ಭರಣಿ ಬಿಸಲಿಗಿ ಇಟ್ಟಂಗ ಅಂತ. ಬಿಸಲಿಗಿ ಇಟ್ಟ ಭರಣಿ ಹೊತ್ತು ಮುಳುಗಿದ ಮ್ಯಾಲ ಬಿಚ್ಚಿಡ್ತಾರೇನು ಯಾರರ? ಒಳಗ ತರಬೇಕಂದ್ರ ವಯರು ಕಟ್ಟೀದಿ. ಅದಕ್ಕ ಮುಚ್ಚಿದೆ.”

ಹಾಗೆ ಹೇಳಿದ ನೆನಪು ನನಗಿಲ್ಲ. ಡೈರಿಯಲ್ಲಿ ಇಲ್ಲ. ಆದರೆ ಆ ಮಾತಿನ ಧಾಟಿ ನನ್ನದೇ. ತರಗತಿಯಲ್ಲಿ ಮಕ್ಕಳಿಗೆ ದಿನಾ ಹೀಗೇ ಹೋಲಿಕೆ ಕೊಟ್ಟು ಮುಂದಕ್ಕೆ ಹೋಗಿಬಿಡುತ್ತೇನೆ. ‘ಎಲ್ಲ ವಿವರಿಸಿದೆ’ ಎಂದು ನಾನು ಬರೆದ ವಿವರ ಇದೇ ಇರಬೇಕು.

ಈ ಸಲ ಬಸ್ಸಿನಲ್ಲಿ ಬರೆಯಲಿಲ್ಲ. ಅಲ್ಲೇ, ಬೆಳಕಿರುವಾಗಲೇ, ಅತ್ತೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಓದಿ ತೋರಿಸಿದೆ. ‘ಹೋದ ಋತುವಿನಲ್ಲೂ ಪ್ರತಿ ಸಂಜೆ ಬೋಗಾಣಿ ಮುಚ್ಚಿದ್ದರು’ ಎಂಬಲ್ಲಿ ಕೈ ಎತ್ತಿ ತಡೆದರು.

“ದಿನಾ ಬೋಗಾಣಿ ಎಲ್ಲಿಂದ ಬರಬೇಕು? ಯುಗಾದಿ ಹೊತ್ತಿನ್ಯಾಗ ಹಪ್ಪಳದ ಹಿಟ್ಟಿಗಿ ಬೋಗಾಣಿ ಬೇಕಾಗ್ತಿತ್ತು. ಅವತ್ತೆಲ್ಲ ಬಿದರಿನ ಬುಟ್ಟಿ ಮುಚ್ಚತಿದ್ದೆ.”

ಬಿದಿರಿನ ಬುಟ್ಟಿ ಸಿಗ್ನಲನ್ನು ತಡೆಯುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಹಳೆಯ ಟೇಬಲ್ ತೆರೆದೆ. ‘ಶಾಂತ ಆಕಾಶ’ ಎಂದು ನಾನು ಹೆಸರಿಟ್ಟ ಸಂಜೆಗಳು ಹನ್ನೊಂದು. ಅವು ಹನ್ನೊಂದೂ ಹಪ್ಪಳದ ದಿನಗಳೋ? ಇಲ್ಲವೇ, ಬುಟ್ಟಿ ಮುಚ್ಚಿದ ಒಂದಾದರೂ ಸಂಜೆ ಸಿಗ್ನಲ್ ಬಿದ್ದಿತ್ತೋ? ಬಿದ್ದಿದ್ದರೆ ಅದು ನಿಜವಾದ ಗುಳ್ಳೆ. ಅಂಥದ್ದೊಂದು ಆ ಟೇಬಲಿನೊಳಗೆ ಇರಲೂಬಹುದು, ಇಲ್ಲದಿರಲೂಬಹುದು.

“ಯಾವ್ಯಾವ ದಿನ ಬುಟ್ಟಿ, ಯಾವ್ಯಾವ ದಿನ ಬೋಗಾಣಿ, ನೆನಪದ ಏನು ಅತ್ತಿ?”

“ಹಪ್ಪಳ ಮಾಡಿದ ದಿನ ಯಾರು ಬರ್ದಿಡ್ತಾರ?” ಎಂದು ಅತ್ತೆ ಎದ್ದರು. ಕೆಳಗೆ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚುವ ಹೊತ್ತಾಗಿತ್ತು. ಹೋಗುತ್ತ ಅಭ್ಯಾಸಬಲದಿಂದ ಬೋಗಾಣಿಯ ಅಂಚನ್ನು ಒಮ್ಮೆ ಒತ್ತಿ ಕೂರಿಸಿದರು, ನೆನಪಾಗಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

ಡೈರಿಯಲ್ಲಿ ‘ಪ್ರತಿ ಸಂಜೆ’ ಎಂಬುದನ್ನು ಹೊಡೆದುಹಾಕಿ ‘ಎಷ್ಟು ಸಂಜೆ ಎಂದು ತಿಳಿಯದು’ ಎಂದು ಬರೆದೆ. ಸರ್ ಅವರಿಗೆ ಕಳಿಸುವ ಟಿಪ್ಪಣಿಯಲ್ಲೂ ಅದೇ ಸಾಲು ಹಾಕಿದೆ. ಅರ್ಜಿಯನ್ನು ಇನ್ನೂ ಬರೆಯಬೇಕಿತ್ತು. ಪರದೆಯ ಮೇಲೆ ಎಂಟೂ ಗೆರೆಗಳು ಮೇಲೆದ್ದು ನಿಂತಿದ್ದವು, ದಾಖಲಾಗುತ್ತಿತ್ತು. ನಿಜವಾದ ಗುಳ್ಳೆಯೊಂದು ಬಂದೀತೇನೋ, ಒಂಬತ್ತು ಗಂಟೆಯವರೆಗೆ ಕೂತು ನೋಡೋಣವೆಂದು ಕೂತೆ. ಬಸ್ಸು ತಪ್ಪುತ್ತದೆಂದು ಎದ್ದೆ. ಮತ್ತೆ ಕೂತೆ.